ಬಡ್ತಿ ಬೇಡ ಎಂದು ಬರೆದುಕೊಟ್ಟ ಟೀಚರುಗಳೇ, ನಿಜವಾದ ಕಾರಣ ಹೇಳುತ್ತೀರಾ?

ಹೊಳೆದಂಡೆ ಟೀಚರ್

ಎಲ್ಲರಿಗೂ ನಮಸ್ಕಾರ. ನನ್ನದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಸರ್ವಿಸು 23 ವರ್ಷ. ಹೋದ ವಾರ ಬಡ್ತಿ ಕೌನ್ಸೆಲಿಂಗ್ ಇತ್ತು, ಸೀನಿಯಾರಿಟಿ ಪ್ರಕಾರ ಒಬ್ಬೊಬ್ಬರನ್ನೇ ಕರೆದು ಖಾಲಿ ಇರುವ ಊರು ಆರಿಸಿಕೊಳ್ಳಲು ಹೇಳುತ್ತಾರಲ್ಲ, ಅದು. ಮುಖ್ಯ ಶಿಕ್ಷಕಿಯ ಹುದ್ದೆ ನನಗೆ ಬೇಡ ಎಂದು ಬರೆದು ಸಹಿ ಹಾಕಿ ಬಂದೆ. ಒಂದು ನಿಮಿಷದ ಕೆಲಸ. ಆದರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ ಯಾಕೋ ಅಳು ಬಂತು. ಅವತ್ತಿನಿಂದ ಯಾರ ಹತ್ತಿರವಾದರೂ ಹೇಳಬೇಕು ಅನ್ನಿಸುತ್ತಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ಅರ್ಜಿಯಲ್ಲಿ ಕಾರಣ ಬರೆಯಲು ಒಂದೇ ಒಂದು ಗೆರೆ ಜಾಗ ಇತ್ತು. ನನ್ನ ಮುಂದೆ ನಿಂತಿದ್ದ ಇಬ್ಬರು ಮೇಡಂ "ಕೌಟುಂಬಿಕ ಕಾರಣ" ಎಂದು ಬರೆದರು. ನಾನೂ ಅದನ್ನೇ ಬರೆದೆ. ಸುಳ್ಳಲ್ಲ. ಅತ್ತೆ ಹಾಸಿಗೆ ಹಿಡಿದಿದ್ದಾರೆ, ಮಗಳು ಸೆಕೆಂಡ್ ಪಿಯು, ನನ್ನ ಸರದಿ ಬರುವಷ್ಟರಲ್ಲಿ ಉಳಿದಿದ್ದ ಊರುಗಳೆಲ್ಲ 70 ಕಿಲೋಮೀಟರ್ ಆಚೆ. ಆದರೆ ಅದು ಅರ್ಧ ಕಾರಣ.

ಇನ್ನರ್ಧ, ನನಗೆ ಭಯ ಆಯಿತು. ಪಾಠ ಮಾಡುವುದಕ್ಕಲ್ಲ. ನಗದು ಪುಸ್ತಕ ಬರೆಯುವುದು ಗೊತ್ತಿಲ್ಲ. ಬಿಸಿಯೂಟದ ದಾಸ್ತಾನು ಲೆಕ್ಕ ಗೊತ್ತಿಲ್ಲ. ರಿಪೇರಿ ಬಿಲ್ಲಿಗೆ ಏನೇನು ಕಾಗದ ಇಡಬೇಕು ಗೊತ್ತಿಲ್ಲ. ಈ 23 ವರ್ಷದಲ್ಲಿ ನಲಿ-ಕಲಿ (ಕಾರ್ಡು ಇಟ್ಟುಕೊಂಡು ಗುಂಪಿನಲ್ಲಿ ಕಲಿಸುವ ಪದ್ಧತಿ) ತರಬೇತಿ ಆಯಿತು, ಗುರುಚೇತನ ಆಯಿತು, ನಿಷ್ಠಾ ಆಯಿತು, ಕೊರೊನಾ ಕಾಲದಲ್ಲಿ ದೀಕ್ಷಾ ಆ್ಯಪ್‌ನಲ್ಲಿ ಕೋರ್ಸು ಮುಗಿಸಿದ್ದೂ ಆಯಿತು. ಅದರಲ್ಲಿ ಶಾಲಾ ನಾಯಕತ್ವ ಎಂದು ಒಂದು ಭಾಗವೂ ಇತ್ತು, ಓದಿದೆ. ಆದರೆ ಶಾಲೆಯ ಬೀರು ತೆಗೆದು ಒಳಗೆ ಏನಿದೆ ಎಂದು ಯಾರೂ ತೋರಿಸಲಿಲ್ಲ.

ಹೆಡ್‌ಮಾಸ್ಟರ್ ರಜೆ ಹಾಕಿದಾಗ ಪ್ರಭಾರ ನನಗೆ ಬರಬೇಕಿತ್ತು, ಸೀನಿಯರ್ ನಾನೇ. ಪ್ರತಿ ಸಲವೂ ನನಗಿಂತ ಒಂಬತ್ತು ವರ್ಷ ಜೂನಿಯರ್ ಆದ ಮೇಷ್ಟ್ರಿಗೆ ಹೋಯಿತು. "ಮೇಡಂ, ನಿಮಗ್ಯಾಕೆ ಸುಮ್ನೆ ತಲೆನೋವು" ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನೂ ಹಾಯಾಗಿ ಒಪ್ಪಿಕೊಂಡೆ. ಆ ತಲೆನೋವೇ ನನ್ನ ತರಬೇತಿ ಆಗಬೇಕಿತ್ತು ಎಂದು ಗೊತ್ತಾದದ್ದು ಹೋದ ವಾರ, ಆ ಗೆರೆಯ ಮೇಲೆ ಪೆನ್ನು ಇಟ್ಟಾಗ.

ನಿಮಗೆ ಒಂದು ಗೆರೆಯ ಬದಲು ಒಂದು ಪುಟ ಕೊಟ್ಟಿದ್ದರೆ ಏನು ಬರೆಯುತ್ತಿದ್ದಿರಿ?

ಮಲೆನಾಡ ಮೇಷ್ಟ್ರು

ಮೇಡಂ, ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಇನ್ನೊಂದು ಕಡೆಯದನ್ನೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸೀನಿಯಾರಿಟಿ ಪಟ್ಟಿ ಗಂಡು ಹೆಣ್ಣು ಎಂದು ನೋಡುವುದಿಲ್ಲ. ನನ್ನ ಹೆಸರು ಬಂದಾಗ ನಾನೂ 90 ಕಿಲೋಮೀಟರ್ ದೂರದ ಊರಿಗೇ ಹೋದೆ. ನನಗೂ ಮನೆ ಇತ್ತು, ವಯಸ್ಸಾದ ಅಪ್ಪ ಇದ್ದರು. ಶಾಲೆಯಲ್ಲಿ ಐದು ಜನ ಮೇಡಂ, ನಾನೊಬ್ಬ ಗಂಡಸು. ಬ್ಯಾಂಕಿಗೆ ನಾನು, ತಾಲೂಕು ಮೀಟಿಂಗಿಗೆ ನಾನು, ಮೊಟ್ಟೆ ತರುವುದಕ್ಕೆ ನಾನು. ಯಾರಾದರೂ ಒಂದು ದಿನ ಹೋಗಿ ಎಂದರೆ ಯಾರೂ ಮುಂದೆ ಬರುವುದಿಲ್ಲ. ಬಾಗಿಲು ತೆರೆದೇ ಇದೆ. ನೀವೇ ಬೇಡ ಎಂದರೆ ಇಲಾಖೆ ಏನು ಮಾಡಬೇಕು ಹೇಳಿ.

ಸ್ಕೂಟಿ ಸಿಆರ್‌ಪಿ

ಮೇಷ್ಟ್ರೇ, ನೀವು ಆ ಊರಲ್ಲಿ ರೂಮು ಮಾಡಿಕೊಂಡು ಇದ್ದಿರಿ ಅಲ್ವಾ? ನಾನೂ ಒಂದು ಸಲ ಹಾಗೆಯೇ ಹೊರಟವಳು. ಮೂರು ಮನೆ ನೋಡಿದೆ. "ಯಜಮಾನರು ಯಾವಾಗ ಬರುತ್ತಾರೆ" ಎಂದು ಮೂರೂ ಕಡೆ ಕೇಳಿದರು. ಅವರು ಬರುವುದಿಲ್ಲ, ಅವರ ಕೆಲಸ ಬೇರೆ ಊರಲ್ಲಿ, ನಾನೊಬ್ಬಳೇ ಇರುವುದು ಎಂದ ಮೇಲೆ ಮೂರು ಕಡೆಯೂ ಮನೆ ಖಾಲಿ ಇಲ್ಲ. ಹತ್ತು ತಿಂಗಳು ದಿನಾ ನಾಲ್ಕು ಬಸ್ಸು ಹತ್ತಿ ಇಳಿದೆ. ಸೀನಿಯಾರಿಟಿ ಪಟ್ಟಿ ಗಂಡು ಹೆಣ್ಣು ನೋಡುವುದಿಲ್ಲ ನಿಜ, ಬಾಡಿಗೆ ಮನೆಯವರು ನೋಡುತ್ತಾರೆ.

ಆಮೇಲೆ ನಾನು ಸಿಆರ್‌ಪಿ ಆದೆ, ಅಂದರೆ ಹತ್ತಿರದ ಶಾಲೆಗಳ ಗುಂಪಾದ ಕ್ಲಸ್ಟರಿನಲ್ಲಿ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ. ಈ ಸಿಆರ್‌ಪಿ, ಬಿಆರ್‌ಪಿ (ಅದೇ ಕೆಲಸ, ಬ್ಲಾಕ್ ಮಟ್ಟದಲ್ಲಿ) ವ್ಯವಸ್ಥೆ ಬಂದದ್ದು ಡಿಪಿಇಪಿ, ಅಂದರೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಕಾಲದಲ್ಲಿ. 1994ರಲ್ಲಿ ಮೊದಲು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಶಿಕ್ಷಕರೇ ಶಿಕ್ಷಕರ ಜೊತೆ ನಿಂತು ಕಲಿಸುವುದು ಎನ್ನುವುದು ಅದರ ಮೂಲ ಆಸೆ, ಒಳ್ಳೆಯ ಆಸೆ. ಆದರೆ ಕ್ಲಸ್ಟರಿನ ಶಾಲೆಗಳನ್ನೆಲ್ಲ ಸುತ್ತಬೇಕು, ಅರ್ಧದಷ್ಟು ಊರಿಗೆ ಮಧ್ಯಾಹ್ನ ಬಸ್ಸೇ ಇಲ್ಲ. ನಾನು ಪರೀಕ್ಷೆ ಪಾಸಾಗಿದ್ದೆ, ಗಾಡಿ ಓಡಿಸಲು ಬರುತ್ತಿರಲಿಲ್ಲ. ನಲವತ್ತೊಂದನೇ ವಯಸ್ಸಿನಲ್ಲಿ ಮಗನ ಹತ್ತಿರ ಸ್ಕೂಟಿ ಕಲಿತೆ. ಎರಡು ಸಲ ಬಿದ್ದೆ, ಮೊಣಕೈ ಕಲೆ ಇನ್ನೂ ಇದೆ. ನನ್ನ ಜೊತೆ ಪಾಸಾದ ಇಬ್ಬರು ಗೆಳತಿಯರು ಅದೊಂದೇ ಕಾರಣಕ್ಕೆ ಹಿಂದೆ ಸರಿದರು. ಅವರು ನನಗಿಂತ ಚೆನ್ನಾಗಿ ಗಣಿತ ಹೇಳಿಕೊಡುತ್ತಿದ್ದರು. ಈಗ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, 2023ರ ಜೂನ್‌ನಿಂದ. ತುಂಬ ಉಪಕಾರ ಆಗಿದೆ, ನಾನು ಮನಸಾರೆ ಹೇಳುತ್ತೇನೆ. ಆದರೆ ಬಸ್ಸೇ ಹೋಗದ ಊರಿಗೆ ಉಚಿತ ಟಿಕೆಟ್ ಇಟ್ಟುಕೊಂಡು ಏನು ಮಾಡುವುದು.

ಡಯಟ್ ಹಳಬ

ನಾನು ಡಯಟ್‌ನಲ್ಲಿ, ಅಂದರೆ ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆಯಲ್ಲಿ, ಕೆಲಸ ಮಾಡಿ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

1986ರ ಶಿಕ್ಷಣ ನೀತಿ, ಅದರ ಹಿಂದೆಯೇ 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್. ಏಕೋಪಾಧ್ಯಾಯ ಶಾಲೆಗೆ ಎರಡನೇ ಶಿಕ್ಷಕರನ್ನು ಕೊಡಬೇಕು, ಅದು ಆದಷ್ಟೂ ಮಹಿಳೆಯೇ ಆಗಿರಲಿ ಎಂದು ಆಗ ಹೇಳಿದರು. ಹೆಣ್ಣುಮಕ್ಕಳು ಶಾಲೆಗೆ ಬರಬೇಕಾದರೆ ಶಾಲೆಯಲ್ಲಿ ಟೀಚರಮ್ಮ ಕಾಣಬೇಕು ಎನ್ನುವ ಲೆಕ್ಕ. ಆ ಲೆಕ್ಕ ಸರಿಯಾಗಿತ್ತು. ಇವತ್ತು ಕೇಂದ್ರದ ಯು-ಡೈಸ್ (ಶಾಲೆಗಳ ಅಂಕಿಅಂಶ) ವರದಿ ತೆಗೆದರೆ 2024-25ರಲ್ಲಿ ದೇಶದ ಶಿಕ್ಷಕರಲ್ಲಿ ಶೇ 54ರಷ್ಟು ಮಹಿಳೆಯರು. ಆದರೆ "ಎರಡನೇ ಶಿಕ್ಷಕಿ" ಎನ್ನುವ ಆ ಮಾತನ್ನು ನೋಡಿ. ಆಕೆಯನ್ನು ತರಗತಿಗೆ ಹೇಗೆ ತರುವುದು ಎಂದು ಯೋಚಿಸಿದರು. ಆಫೀಸ್ ರೂಮಿನ ಕುರ್ಚಿಗೆ ಹೇಗೆ ತರುವುದು ಎಂದು ಯೋಚಿಸಲಿಲ್ಲ.

ಪಂಚಾಯಿತಿಯಲ್ಲಿ ಹಾಗಾಗಲಿಲ್ಲ. ನಮ್ಮ ರಾಜ್ಯದಲ್ಲಿ 1987ರ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ 25 ಮೀಸಲು ಇತ್ತು, ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಮೀಸಲು ತರುವುದಕ್ಕೂ ಮೊದಲು. ಈಗ ಶೇ 50. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲೂ ಅರ್ಧ ಜನ ಮಹಿಳೆಯರು ಇರಬೇಕು. ಅಂದರೆ ಆ ಸಮಿತಿಯಲ್ಲಿ, ನಮ್ಮ ಎಸ್‌ಡಿಎಂಸಿಯಲ್ಲಿ, ಕೂತು ಹೆಡ್‌ಮಾಸ್ಟರನ್ನು ಪ್ರಶ್ನೆ ಕೇಳಲು ತಾಯಂದಿರಿಗೆ ಕಾನೂನು ಜಾಗ ಮಾಡಿಕೊಟ್ಟಿದೆ. ಅದೇ ಶಾಲೆಯ ಟೀಚರ್ ಆ ಕುರ್ಚಿಗೆ ಬರಲು ಸೀನಿಯಾರಿಟಿ ಒಂದೇ ದಾರಿ. ಆ ದಾರಿಯ ಕೊನೆಯಲ್ಲಿ ಈ "ಬೇಡ" ಪತ್ರ.

ಇನ್ನೂ ಒಂದು. ಆರ್‌ಟಿಇ ಪಟ್ಟಿಯಲ್ಲಿ ಪ್ರಾಥಮಿಕ ಹಂತದಲ್ಲಿ 150ಕ್ಕಿಂತ ಹೆಚ್ಚು ಮಕ್ಕಳು, ಆರರಿಂದ ಎಂಟನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳು ಇದ್ದರೆ ಮಾತ್ರ ಪೂರ್ಣಾವಧಿ ಮುಖ್ಯ ಶಿಕ್ಷಕರು. ನಮ್ಮ ಹಳ್ಳಿಯ ಸಣ್ಣ ಶಾಲೆಗಳ ಗತಿ ಏನು? ಎಲ್ಲ ಪ್ರಭಾರ. ಅಲ್ಲಿ ಟೀಚರಮ್ಮನೇ ನಾಲ್ಕು ತರಗತಿಗೆ ಪಾಠ ಮಾಡುತ್ತಾ, ಹಾಲಿನ ಪುಡಿ ಲೆಕ್ಕ ಬರೆಯುತ್ತಾ, ಶಾಲೆ ನಡೆಸುತ್ತಿದ್ದಾರೆ. ಅವರನ್ನು ಯಾರೂ ನಾಯಕಿ ಎಂದು ಕರೆಯುವುದಿಲ್ಲ, ಅವರೂ ಹಾಗೆ ಅಂದುಕೊಂಡಿಲ್ಲ.

ನಾಯಕತ್ವಕ್ಕೆ ಧಾರವಾಡದಲ್ಲಿ ಸಿಸ್ಲೆಪ್ ಸಂಸ್ಥೆಯೇ ಇದೆ. 2020ರ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ಕಲಿಕೆ ಬೇಕು ಎನ್ನುತ್ತದೆ, ಮುಖ್ಯಸ್ಥರಿಗೂ ನಾಯಕತ್ವದ ಬಗ್ಗೆ 50 ಗಂಟೆ ಎನ್ನುತ್ತದೆ. ಆದರೆ ಅದು ಕುರ್ಚಿಗೆ ಬಂದು ಕೂತವರಿಗೆ. ಇನ್ನು ಐದು ವರ್ಷಕ್ಕೆ ಯಾರ ಹೆಸರು ಬರುತ್ತದೆ ಎಂದು ಸೀನಿಯಾರಿಟಿ ಪಟ್ಟಿಯಲ್ಲಿ ಇವತ್ತೇ ಗೊತ್ತಾಗುತ್ತದಲ್ಲ. ಅವರನ್ನು ಯಾಕೆ ಕರೆಯುವುದಿಲ್ಲ? ನಾನು ನನ್ನ ಕಾಲದಲ್ಲಿ ಇದನ್ನು ಮೀಟಿಂಗಿನಲ್ಲಿ ಎರಡು ಸಲ ಕೇಳಿದೆ. ಮೂರನೇ ಸಲ ಕೇಳಬೇಕಿತ್ತು, ಕೇಳಲಿಲ್ಲ. ಅದು ಈಗಲೂ ಕೊರೆಯುತ್ತದೆ.

ಹೊಸ ಜಿಪಿಟಿ

ನಾನು ಈಚೆಗೆ ಪದವೀಧರ ಪ್ರಾಥಮಿಕ ಶಿಕ್ಷಕಿಯಾಗಿ (ಜಿಪಿಟಿ) ಸೇರಿದವಳು. ಚಿಕ್ಕದಾಗಿ ಒಂದು ವಿಷಯ. ನಮ್ಮ ವಾಟ್ಸಾಪ್ ಗ್ರೂಪಿಗೆ "ತುರ್ತು ಮಾಹಿತಿ, ಬೆಳಿಗ್ಗೆ 9ರೊಳಗೆ" ಎಂದು ಬರುವುದು ರಾತ್ರಿ ಒಂಬತ್ತೂವರೆ, ಹತ್ತಕ್ಕೆ. ಆ ಹೊತ್ತಿಗೆ ನಾನು ಮಗುವನ್ನು ಮಲಗಿಸುತ್ತಿರುತ್ತೇನೆ. ಗಂಡಸರು ತಕ್ಷಣ ಉತ್ತರ ಹಾಕುತ್ತಾರೆ, ಅವರಿಗೆ "ಗುಡ್ ಸರ್" ಬರುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಕಳಿಸಿದ ನನ್ನ ಮಾಹಿತಿಯನ್ನು ಯಾರೂ ನೋಡುವುದಿಲ್ಲ. ಯಾರು ಚುರುಕು ಎಂದು ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಟಾಯ್ಲೆಟ್ ವಿಷಯ ಇನ್ನೊಂದು ದಿನ ಬರೆಯುತ್ತೇನೆ, ಬರೆದರೆ ನಿಲ್ಲುವುದಿಲ್ಲ.

ಕೋಟೆ ಕಾರ್ಡು

ನಲಿ-ಕಲಿ ಎಂದಿದ್ದಕ್ಕೆ ಬಂದೆ. ನಾನು ಹೆಗ್ಗಡದೇವನಕೋಟೆಯವಳು. 1995ರಲ್ಲಿ ನಮ್ಮ ತಾಲೂಕಿನಲ್ಲೇ ಅದು ಶುರುವಾದದ್ದು. ಮೊದಲ ತಂಡದ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ನಾನು ಆ ತಂಡದಲ್ಲಿ ಇರಲಿಲ್ಲ. ಆಮೇಲೆ ಕಾರ್ಡು ಬರೆಯಲು ಕೂತ ಗುಂಪಿನಲ್ಲಿ ಇದ್ದೆ. ಸೇವೆಗೆ ಸೇರಿ ಎರಡೇ ವರ್ಷ ಆಗಿತ್ತು.

ನೆಲದ ಮೇಲೆ ಜಮಖಾನ ಹಾಸಿಕೊಂಡು ಕೂರುತ್ತಿದ್ದೆವು. ನಮ್ಮ ಊರಿನ ಮಕ್ಕಳಿಗೆ ಯಾವ ಅಕ್ಷರ ಮೊದಲು ಬೇಕು? ಅ, ಆ, ಇ, ಈ ಎಂದೇ ಶುರು ಮಾಡಬೇಕಾ, ಅಥವಾ ರ, ಗ, ಸ, ದ ಎಂದು ಬರೆಯಲು ಸುಲಭವಾದದ್ದನ್ನು ತರಬೇಕಾ? ಇದಕ್ಕೆ ಒಂದು ಇಡೀ ದಿನ ಜಗಳ. ಆ ಜಗಳದಲ್ಲಿ ನಾನು ಮಾತಾಡಿದೆ. ಹೆಡ್‌ಮಾಸ್ಟರ್ ಎದುರು ಬಾಯಿ ಬಿಡದವಳು ಅಲ್ಲಿ ಬ್ಲಾಕ್ ಸಂಪನ್ಮೂಲ ಕೇಂದ್ರದವರಿಗೆ ಎದುರುತ್ತರ ಕೊಟ್ಟೆ, ಯಾಕೆಂದರೆ ಒಂದನೇ ತರಗತಿಯ ಮಗು ಎಲ್ಲಿ ತಡವರಿಸುತ್ತದೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೆ, ನನ್ನಂಥವರಿಗೆ. ನಾಯಕತ್ವ ಎನ್ನುವ ಪದ ಅವತ್ತು ಯಾರೂ ಬಳಸಲಿಲ್ಲ. ನನ್ನ ಜೀವನದಲ್ಲಿ ನಾನು ಅದನ್ನು ಕಲಿತದ್ದು ಅಲ್ಲೇ.

2009ರ ಸುಮಾರಿಗೆ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗೂ ಹೋಯಿತು. ಖುಷಿಪಟ್ಟೆ. ಆದರೆ ಆಗ ಕಾರ್ಡು ಅಚ್ಚಾಗಿ ಡಬ್ಬಿಯಲ್ಲಿ ಬಂತು, ಜೊತೆಗೆ ಹೇಗೆ ಬಳಸಬೇಕು ಎಂಬ ತರಬೇತಿ ಬಂತು. ಕಾರ್ಡು ಮಾಡಿದವರು ಕಾರ್ಡು ತೆಗೆದುಕೊಳ್ಳುವವರಾದರು. ನೀವು ಯಾರಾದರೂ ಶಿಕ್ಷಕಿಯರಿಗೆ ತರಬೇತಿ ಮಾಡುವ ಜಾಗದಲ್ಲಿದ್ದರೆ ಇದೊಂದನ್ನು ಕೇಳಿ: ಅವರಿಗೆ ಕೊಡುವ ಬದಲು ಅವರಿಂದ ಮಾಡಿಸಿ. ಮೂರು ದಿನ ಪಿಪಿಟಿ ನೋಡಿ ಯಾರಿಗೂ ಧೈರ್ಯ ಬರುವುದಿಲ್ಲ.

ಇಥಿಯೋಪಿಯಾ ನೆನಪು

ಈ ಮಾತು ನೋಡಿ ನನಗೆ ಒಂದು ದೃಶ್ಯ ನೆನಪಾಯಿತು. ನಾನು ಕೆಲವು ವರ್ಷ ಇಥಿಯೋಪಿಯಾದಲ್ಲಿ ಪಾಠ ಮಾಡಿದ್ದೇನೆ, ಆಗ ಅಲ್ಲಿ ಭಾರತದ ಮೇಷ್ಟ್ರುಗಳು ತುಂಬ ಜನ ಇದ್ದೆವು. ಅಲ್ಲಿ ಮಳೆಗಾಲಕ್ಕೆ ಕಿರೆಮ್ತ್ ಎನ್ನುತ್ತಾರೆ. ಆ ತಿಂಗಳುಗಳಲ್ಲಿ ಶಾಲೆಗೆ ರಜೆ. ಕೆಲಸದಲ್ಲಿರುವ ಶಿಕ್ಷಕರು ಆಗ ಕಾಲೇಜಿಗೆ ಬಂದು ಉಳಿದು ಡಿಪ್ಲೊಮಾದಿಂದ ಡಿಗ್ರಿಗೆ ಓದುತ್ತಾರೆ. ಹಾಗೆ ವರ್ಷ ವರ್ಷ ಸೇರಿಸಿ ಮುಗಿಸುತ್ತಾರೆ.

ನನ್ನ ತರಗತಿಗೆ ಬರುತ್ತಿದ್ದ ಶಿಕ್ಷಕಿಯರಲ್ಲಿ ಮೂವರು ಹಾಲು ಕುಡಿಯುವ ಮಕ್ಕಳನ್ನು ಕರೆದುಕೊಂಡು ಬಂದಿದ್ದರು, ಜೊತೆಗೆ ಮಗು ನೋಡಿಕೊಳ್ಳಲು ಊರಿನಿಂದ ಒಬ್ಬೊಬ್ಬ ಹುಡುಗಿ. ಮಳೆ ಸುರಿಯುತ್ತಿರುತ್ತಿತ್ತು, ಆ ಹುಡುಗಿಯರು ವರಾಂಡದಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿರುತ್ತಿದ್ದರು. ಆ ಹುಡುಗಿಯರೂ ಶಾಲೆಗೆ ಹೋಗುವ ವಯಸ್ಸಿನವರೇ. ಮಹಿಳೆಯರಿಗೆ ಪ್ರವೇಶದಲ್ಲಿ ಅಲ್ಲಿ ರಿಯಾಯಿತಿ ಅಂಕ ಇತ್ತು, ಒಳ್ಳೆಯದೇ. ಆದರೆ ಮಗು ಮಲಗಿಸಲು ಒಂದು ಕೋಣೆ ಇರಲಿಲ್ಲ. ಬೇರೆ ಖಂಡ, ಬೇರೆ ಭಾಷೆ, ಕತೆ ಮಾತ್ರ ಇದೇ. ಒಂದು ಕೋಣೆ, ಒಂದು ಚಾಪೆ, ನೋಡಿಕೊಳ್ಳಲು ಸಂಬಳದ ಒಬ್ಬ ಆಯಾ. ಇಷ್ಟಿದ್ದಿದ್ದರೆ ಓದುವವರು ಜಾಸ್ತಿ ಆಗುತ್ತಿದ್ದರು ಎಂದು ನನಗೆ ಅನ್ನಿಸುತ್ತದೆ.

ಎರಡು ಕೀಲಿ

ನಾನು ಬಡ್ತಿ ಒಪ್ಪಿಕೊಂಡವಳು. ಆರು ವರ್ಷ ಆಯಿತು. ಹೊಳೆದಂಡೆ ಟೀಚರ್, ನಿಮ್ಮ ಭಯ ಇದೆಯಲ್ಲ, ಅದೇ ಭಯ ನನಗೂ ಇತ್ತು, ತೂಕ ಹಾಕಿದರೆ ಒಂದು ಗ್ರಾಂ ಕಡಿಮೆ ಇಲ್ಲ.

ನನ್ನ ಪುಣ್ಯಕ್ಕೆ ಪಕ್ಕದ ಊರಲ್ಲಿ ನಿವೃತ್ತ ಹೆಡ್‌ಮೇಡಂ ಒಬ್ಬರು ಇದ್ದರು. ಭಾನುವಾರ ಭಾನುವಾರ ಅವರ ಮನೆಗೆ ಹೋಗುತ್ತಿದ್ದೆ. ಅವರು ಅವರೆಕಾಯಿ ಸುಲಿಯುತ್ತಾ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಎಡಗಡೆ ಜಮಾ, ಬಲಗಡೆ ಖರ್ಚು. ವೋಚರ್ ನಂಬರ್ ಇಲ್ಲದೆ ಒಂದು ರೂಪಾಯಿಯನ್ನೂ ಬರೆಯಬೇಡ. ದಿನದ ಲೆಕ್ಕ ಆ ದಿನವೇ ಮುಗಿಸು, ಶನಿವಾರಕ್ಕೆ ಬಿಟ್ಟರೆ ಕೆಟ್ಟೆ. ಖಾಲಿ ಚೆಕ್ಕಿಗೆ ಸಹಿ ಹಾಕಬೇಡ, ಎಸ್‌ಡಿಎಂಸಿ ಅಧ್ಯಕ್ಷರು ಎಷ್ಟೇ ಒಳ್ಳೆಯವರಿರಲಿ. ನಾಲ್ಕು ಭಾನುವಾರದಲ್ಲಿ ಮುಗಿಯಿತು. ನಾಲ್ಕೇ ಭಾನುವಾರ! ಇಷ್ಟಕ್ಕೆ ನಾನು ಹದಿನೆಂಟು ವರ್ಷ ಹೆದರಿದ್ದೆನಾ ಎಂದು ಅವತ್ತು ತುಂಬ ಸಂಕಟ ಆಯಿತು.

ಕಷ್ಟ ಇರಲಿಲ್ಲ ಎನ್ನುವುದಿಲ್ಲ. ಶೌಚಾಲಯ ರಿಪೇರಿ ಮಾಡಿದ ಗುತ್ತಿಗೆದಾರ ಬಿಲ್ಲಿಗೆ ಸಹಿ ಹಾಕಿಸಿಕೊಳ್ಳಲು ಬಂದವನು ನನ್ನನ್ನು ನೋಡಿ "ಸರ್ ಇಲ್ವಾ" ಎಂದ. ನಾನೇ ಹೆಡ್ಡು ಎಂದೆ. ಹೊರಗೆ ಹೋಗಿ ಯಾರಿಗೋ ಫೋನು ಮಾಡಿ ಬಂದ. ನಾನು ನಲ್ಲಿ ತಿರುಗಿಸಿ ನೀರು ಬರುತ್ತದಾ ಎಂದು ನೋಡಿದೆ, ಬರಲಿಲ್ಲ, ಸಹಿ ಹಾಕಲಿಲ್ಲ. ಹನ್ನೊಂದು ದಿನ ಫೋನುಗಳು ಬಂದವು. ಹನ್ನೆರಡನೇ ದಿನ ನೀರು ಬಂತು. ಆ ಹನ್ನೊಂದು ದಿನ ನನ್ನ ಜೊತೆ ನಿಂತದ್ದು ಇಬ್ಬರು ಅಡುಗೆಯವರು ಮತ್ತು ಎಸ್‌ಡಿಎಂಸಿಯ ಇಬ್ಬರು ತಾಯಂದಿರು, ಏಕೆಂದರೆ ಆ ಟಾಯ್ಲೆಟ್ಟಿಗೆ ಹೋಗಬೇಕಾದವರು ಅವರ ಹೆಣ್ಣುಮಕ್ಕಳು.

ಚಾರ್ಜ್ ತೆಗೆದುಕೊಂಡ ತಿಂಗಳಲ್ಲೇ ಒಂದು ಕೆಲಸ ಮಾಡಿದೆ. ಬೀರುವಿನ ಕೀಲಿ ಎರಡು ಮಾಡಿಸಿದೆ. ಒಂದು ನನ್ನ ಹತ್ತಿರ, ಇನ್ನೊಂದು ಮೂರು ತಿಂಗಳಿಗೆ ಒಬ್ಬರಂತೆ ಟೀಚರುಗಳ ಹತ್ತಿರ ತಿರುಗುತ್ತದೆ. ಕೀಲಿ ಯಾರ ಹತ್ತಿರ ಇದೆಯೋ ಅವರು ಆ ಮೂರು ತಿಂಗಳು ನಗದು ಪುಸ್ತಕದ ಕರಡನ್ನು ಪೆನ್ಸಿಲಿನಲ್ಲಿ ಬರೆಯಬೇಕು, ನಾನು ನೋಡಿ ಪೆನ್ನಿನಲ್ಲಿ ಏರಿಸುತ್ತೇನೆ. ನನ್ನ ರಜೆಯ ದಿನ ಪ್ರಭಾರ ಅವರದೇ. ತಾಲೂಕು ಮೀಟಿಂಗಿಗೂ ಒಂದು ಸಲ ಅವರೇ. ಮೊದಮೊದಲು ಎಲ್ಲರೂ ಗೊಣಗಿದರು. ಈಗ ನಮ್ಮ ಐದು ಜನರಲ್ಲಿ ನಾಲ್ವರಿಗೆ ಪೂರ್ತಿ ಲೆಕ್ಕ ಬರುತ್ತದೆ. ಹೀಗೆ ಕಲಿತ ಇನ್ನೊಬ್ಬರು ಹೋದ ವರ್ಷ ಬಡ್ತಿ ಒಪ್ಪಿಕೊಂಡು ಹೋದರು. ಹೋಗುವಾಗ ಹೊಸ ಶಾಲೆಯ ಬೀರು ಯಾವ ಕಂಪನಿಯದು ಎಂದು ಕೇಳಿಕೊಂಡು ಹೋದರು, ಕೀಲಿ ಮಾಡಿಸಲು.

ಡಯಟ್ ಹಳಬ

ಎರಡು ಕೀಲಿಯವರೇ, ಇದನ್ನು ನಾನು ಇಪ್ಪತ್ತು ವರ್ಷ ಮೊದಲು ಕೇಳಿದ್ದರೆ ಚೆನ್ನಾಗಿತ್ತು. ಒಂದು ವಿಷಯ ಸೇರಿಸುತ್ತೇನೆ. ಪಶ್ಚಿಮ ಬಂಗಾಳದ ಬೀರ್‌ಭೂಮ್‌ನಲ್ಲಿ 495 ಹಳ್ಳಿಗಳಲ್ಲಿ ಒಂದು ಅಧ್ಯಯನ ಆಯಿತು, 2012ರಲ್ಲಿ ಬಂತು. ಎರಡು ಅವಧಿ ಮಹಿಳೆಗೆ ಪಂಚಾಯಿತಿ ಪ್ರಧಾನ (ಅಧ್ಯಕ್ಷ) ಸ್ಥಾನ ಮೀಸಲಾದ ಊರುಗಳಲ್ಲಿ ಹುಡುಗಿಯರು ತಮ್ಮ ಬಗ್ಗೆ ಇಟ್ಟುಕೊಂಡ ಆಸೆಗೂ ಹುಡುಗರ ಆಸೆಗೂ ಇದ್ದ ಅಂತರ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಹುಡುಗಿಯರು ಮನೆಗೆಲಸಕ್ಕೆ ಕೊಡುವ ಹೊತ್ತೂ ಕಡಿಮೆಯಾಗಿತ್ತು. ಗಮನಿಸಿ, ಎರಡು ಅವಧಿ ಬೇಕಾಯಿತು. ಪಂಚಾಯಿತಿ ಪ್ರಧಾನರನ್ನು ಮಕ್ಕಳು ಆಗೊಮ್ಮೆ ಈಗೊಮ್ಮೆ ನೋಡುತ್ತಾರೆ. ಹೆಡ್‌ಮೇಡಂ ಅವರನ್ನು ದಿನಾ ಪ್ರಾರ್ಥನೆಯಲ್ಲಿ ನೋಡುತ್ತಾರೆ.

ಮಲೆನಾಡ ಮೇಷ್ಟ್ರು

ನಿನ್ನೆ ರಾತ್ರಿ ಇದೆಲ್ಲ ಓದಿ ನನ್ನ ಹೆಂಡತಿಗೆ ತೋರಿಸಿದೆ. ಅವಳೂ ಟೀಚರ್. ಮೂರು ವರ್ಷದ ಹಿಂದೆ ಅವಳೂ ಬಡ್ತಿ ಬೇಡ ಎಂದಿದ್ದಳು. ಆ ಪುಟದಲ್ಲಿ ನೀನು ಏನು ಬರೆಯುತ್ತಿದ್ದೆ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಪತ್ರ ಬರೆದವರು ನೀವೇ ಅಲ್ವಾ, ನಾನು ಸಹಿ ಮಾತ್ರ ಹಾಕಿದ್ದು" ಎಂದಳು.

ನಿಜ. ಡ್ರಾಫ್ಟ್ ಮಾಡಿಕೊಟ್ಟದ್ದು ನಾನೇ. ಸಹಾಯ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳಿಗೆ ಬೇಕಾ ಬೇಡವಾ ಎಂದು ಕೇಳಿದ ನೆನಪು ನನಗಿಲ್ಲ. ಬಾಗಿಲು ತೆರೆದೇ ಇದೆ ಎಂದು ಮೇಲೆ ಬರೆದಿದ್ದೆ. ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನಮ್ಮ ಶಾಲೆಯ ಮೇಡಂಗಳು ಬ್ಯಾಂಕಿಗೆ ಮುಂದೆ ಬರುವುದಿಲ್ಲ ಎಂದೂ ಬರೆದಿದ್ದೆ. ಯೋಚಿಸಿದರೆ, ಯಾರಿಗಾದರೂ ಚಲನ್ ತುಂಬುವುದನ್ನು ನಾನು ತೋರಿಸಿಕೊಟ್ಟಿದ್ದೇನಾ? ಇಲ್ಲ. ಸೋಮವಾರ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ.

ಸ್ಕೂಟಿ ಸಿಆರ್‌ಪಿ

ಮೇಷ್ಟ್ರೇ, ಇದನ್ನು ಇಲ್ಲಿ ಬರೆದದ್ದು ದೊಡ್ಡ ವಿಷಯ. ನನ್ನ ಕ್ಲಸ್ಟರಿನಲ್ಲಿ ಮುಂದಿನ ಸಮಾಲೋಚನಾ ಸಭೆಯಲ್ಲಿ ಕೊನೆಯ ಒಂದು ಗಂಟೆ ನಗದು ಪುಸ್ತಕಕ್ಕೆ ಇಡುತ್ತೇನೆ. ಇಬ್ಬರು ಹೆಡ್‌ಮೇಡಂ ಒಪ್ಪಿದ್ದಾರೆ. ಮಕ್ಕಳನ್ನು ಕರೆತರಬಹುದು ಎಂದೂ ಹಾಕಿದ್ದೇನೆ, ಪಕ್ಕದ ಅಂಗನವಾಡಿಯವರ ಹತ್ತಿರ ಮಾತಾಡಿದ್ದೇನೆ.

ಹೊಳೆದಂಡೆ ಟೀಚರ್

ಎರಡು ದಿನ ಇಲ್ಲಿಗೆ ಬರಲು ಆಗಿರಲಿಲ್ಲ, ಅತ್ತೆಗೆ ಜ್ವರ. ಈಗ ಕೂತು ಎಲ್ಲ ಓದಿದೆ. ಎರಡೆರಡು ಸಲ ಓದಿದೆ.

ಬಡ್ತಿ ಈ ಸಲ ಹೋಯಿತು, ಅದು ಹೋಗಲಿ. ಇವತ್ತು ಮಧ್ಯಾಹ್ನ ಹೆಡ್‌ಮಾಸ್ಟರ್ ಹತ್ತಿರ ಹೋಗಿ, ಸರ್, ಮುಂದಿನ ವಾರ ನೀವು ರಜೆ ಹಾಕುವ ದಿನ ಪ್ರಭಾರ ನನಗೆ ಕೊಡಿ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ಮೇಡಂ, ಸುಮ್ನೆ ತಲೆನೋವು" ಎನ್ನುವಷ್ಟರಲ್ಲಿ, ಆ ತಲೆನೋವೇ ಬೇಕಾಗಿದೆ ಸರ್ ಎಂದುಬಿಟ್ಟೆ. ನನಗೇ ಆಶ್ಚರ್ಯ ಆಯಿತು. ಸರಿ ಎಂದರು. ಬೀರು ತೆಗೆದು ಹೋದ ವರ್ಷದ ನಗದು ಪುಸ್ತಕ ಕೊಟ್ಟಿದ್ದಾರೆ, ಮನೆಗೆ ತರುವ ಹಾಗಿಲ್ಲ, ಊಟದ ಬಿಡುವಿನಲ್ಲಿ ಅಲ್ಲೇ ಕೂತು ನೋಡುತ್ತಿದ್ದೇನೆ.

ಎರಡು ಕೀಲಿ ಮೇಡಂ, ಒಂದು ಅನುಮಾನ. ಬ್ಯಾಂಕಿನವರು ಬಡ್ಡಿ ಹಾಕಿರುತ್ತಾರಲ್ಲ, ಅದನ್ನು ಜಮಾ ಕಡೆ ಯಾವ ದಿನಾಂಕಕ್ಕೆ ಬರೆಯಬೇಕು? ಪಾಸ್‌ಬುಕ್ಕಿನಲ್ಲಿರುವ ದಿನಾಂಕಕ್ಕಾ, ನಾವು ಎಂಟ್ರಿ ಹಾಕಿಸಿದ ದಿನಕ್ಕಾ? ಹೋದ ವರ್ಷದ ಪುಸ್ತಕದಲ್ಲಿ ಎರಡು ಕಡೆ ಎರಡು ಥರ ಇದೆ.

ಎರಡು ಕೀಲಿ

ನೋಡಿ, ಮೊದಲ ದಿನವೇ ತಪ್ಪು ಹಿಡಿದಿರಿ! ನಾನು ಬರೆಯುವುದು ಗೊತ್ತಾದ ದಿನಕ್ಕೆ, ಷರಾ ಕಾಲಂನಲ್ಲಿ ಪಾಸ್‌ಬುಕ್ಕಿನ ದಿನಾಂಕ ನಮೂದಿಸುತ್ತೇನೆ. ನಿಮ್ಮ ಕಡೆ ಆಡಿಟ್‌ನವರು ಯಾವುದನ್ನು ಒಪ್ಪುತ್ತಾರೆ ಎಂದು ಹೆಡ್‌ಮಾಸ್ಟರನ್ನೇ ಕೇಳಿ, ಹೇಳಿಕೊಡಲಿ. ಭಾನುವಾರ ಹತ್ತು ಗಂಟೆಗೆ ಫೋನು ಮಾಡಿ. ನಾನು ಮನೆಯಲ್ಲೇ ಇರುತ್ತೇನೆ.